ದಾದಿಯರ ವೃತ್ತಿ ಬಳಲಿಕೆ: ತಪ್ಪು ಕಲ್ಪನೆ ಮತ್ತು ಸತ್ಯ

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಿರಲಿ, ಹಗಲಿರುಳು ರೋಗಿಯ ಬಳಿಯಲ್ಲೇ ಇರುವವರು ಶುಶ್ರೂಷಾಧಿಕಾರಿಗಳು. ಈ ವೃತ್ತಿಯವರನ್ನು ಕಾಡುವ ಬರ್ನ್‌ಔಟ್, ಅಂದರೆ ವೃತ್ತಿ ಬಳಲಿಕೆಯ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಇದು ಬರೀ ಸುಸ್ತು, ಎರಡು ದಿನ ರಜೆ ಹಾಕಿದರೆ ಹೋಗುತ್ತದೆ.
ಸತ್ಯ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಬೇಸರ ಮತ್ತು ನಿರ್ಲಿಪ್ತತೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ಸುಸ್ತು ಇವುಗಳಲ್ಲಿ ಒಂದು ಮಾತ್ರ. ರಜೆ ಮುಗಿಸಿ ಬಂದಾಗ ಒತ್ತಡ ಹಾಗೆಯೇ ಇದ್ದರೆ ಬಳಲಿಕೆಯೂ ಮರಳುತ್ತದೆ.

ತಪ್ಪು ಕಲ್ಪನೆ: ಮನಸ್ಸು ಗಟ್ಟಿಯಿಲ್ಲದವರಿಗೆ ಮಾತ್ರ ಹೀಗಾಗುತ್ತದೆ.
ಸತ್ಯ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ದಾದಿಯೊಬ್ಬರ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆ ಬರ್ನ್‌ಔಟ್‌ನ ಸಂಭವ ಶೇ 23ರಷ್ಟು ಏರುವುದನ್ನು ಅದು ಕಂಡಿತು. ಹೊರೆ ಮಿತಿ ಮೀರಿದರೆ ಎಂಥ ಗಟ್ಟಿಗರೂ ಬಳಲುತ್ತಾರೆ.

ತಪ್ಪು ಕಲ್ಪನೆ: ಯೋಗ, ಧ್ಯಾನ ಹೇಳಿಕೊಟ್ಟರೆ ಸಾಕು.
ಸತ್ಯ: ಅವು ಮನಸ್ಸಿಗೆ ನೆಮ್ಮದಿ ಕೊಡಬಲ್ಲವು, ಸಿಬ್ಬಂದಿ ಕೊರತೆಯನ್ನು ನೀಗಿಸಲಾರವು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬ ದಾದಿ ಬೇಕು. ರಜೆಯವರ ಬದಲಿಗೆಂದು ಶೇ 30 ಹೆಚ್ಚುವರಿ ಸಿಬ್ಬಂದಿಯೂ ಇರಬೇಕು. ಈ ಬದಲಿ ವ್ಯವಸ್ಥೆ ಇಲ್ಲದ ಕಡೆ ಒಬ್ಬರ ರಜೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿಯಾಗುತ್ತದೆ. ನೈಟ್ ಡ್ಯೂಟಿಯ ಬಳಿಕ ಸಾಕಷ್ಟು ವಿಶ್ರಾಂತಿ, ಮುಂಚಿತವಾಗಿ ತಿಳಿಸಿದ ಡ್ಯೂಟಿ ಪಟ್ಟಿ, ರೋಗಿಯ ಕಡೆಯವರ ಹಲ್ಲೆಯಿಂದ ರಕ್ಷಣೆ ಇವೆಲ್ಲ ಆಡಳಿತದ ಹೊಣೆ. ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ದಾದಿಯರೂ ಅದರ ರಕ್ಷಣೆಗೆ ಒಳಪಡುತ್ತಾರೆ.

ತಪ್ಪು ಕಲ್ಪನೆ: ಮನೋವೈದ್ಯರನ್ನು ಕಂಡರೆ ಊರಿಗೆಲ್ಲ ಸುದ್ದಿಯಾಗುತ್ತದೆ.
ಸತ್ಯ: ಎಲ್ಲರೂ ಎಲ್ಲರನ್ನೂ ಬಲ್ಲ ತಾಲ್ಲೂಕು ಕೇಂದ್ರದಲ್ಲಿ, ತಾವು ದುಡಿಯುವ ಆಸ್ಪತ್ರೆಯಲ್ಲೇ ಚೀಟಿ ಮಾಡಿಸಲು ದಾದಿಯರು ಹಿಂಜರಿಯುವುದು ಸಹಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದೇ ಮಾನ್ಯ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ನಿದ್ರೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ಅಥವಾ ಬದುಕೇ ಬೇಡವೆನಿಸಿದರೆ ತಡಮಾಡದೆ ನೆರವು ಪಡೆಯಬೇಕು.