ಬಂಜೆತನಕ್ಕೆ ಚಿಕಿತ್ಸೆ: ನಿಮ್ಮ ವೈದ್ಯರು ಕಲಿತದ್ದೆಲ್ಲಿ?

ಮದುವೆಯಾಗಿ ಮೂರು ವರ್ಷವಾಗಿದೆ, ಇನ್ನೂ ಮಕ್ಕಳಾಗಿಲ್ಲ. ಹರಕೆ, ಪೂಜೆ, ನಾಟಿ ಔಷಧಿ ಎಲ್ಲವೂ ಮುಗಿದಿವೆ. ಪೇಟೆಯಲ್ಲೊಂದು ಫರ್ಟಿಲಿಟಿ ಸೆಂಟರ್ ಇದೆಯೆಂದು ಯಾರೋ ಹೇಳುತ್ತಾರೆ. ನೀವು ಹೋಗಿ ನೋಡಿದರೆ ಹೊರಗೆ ದೊಡ್ಡ ಬೋರ್ಡು, ನಗುವ ಮಗುವಿನ ಚಿತ್ರ, ವೈದ್ಯರ ಹೆಸರಿನ ಮುಂದೆ ಒಂದು ಸಾಲು ತುಂಬ ಅಕ್ಷರಗಳು. ಆ ಅಕ್ಷರಗಳಲ್ಲಿ ಯಾವುದು ವರ್ಷಗಟ್ಟಲೆ ಕಲಿತು ಪಡೆದದ್ದು, ಯಾವುದು ನಾಲ್ಕು ದಿನದ ಶಿಬಿರದಲ್ಲಿ ಸಿಕ್ಕಿದ್ದು ಎಂದು ಎಂದಾದರೂ ಕೇಳಿದ್ದೀರಾ?

ಕೇಳುವುದಕ್ಕೆ ನಮಗೆ ಸಂಕೋಚ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ವೈದ್ಯರ ಮುಂದೆ ಕುಳಿತೊಡನೆ ಬಾಯಿ ಕಟ್ಟಿಕೊಳ್ಳುತ್ತೇವೆ. ಆದರೆ ಪ್ರನಾಳ ಶಿಶು ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಬೇಕು. ಅದಕ್ಕಾಗಿ ಒಡವೆ ಅಡವಿಟ್ಟವರು, ಜಮೀನು ಮಾರಿದವರು ಇದ್ದಾರೆ. ಹಣವನ್ನಾದರೂ ಮತ್ತೆ ಸಂಪಾದಿಸಬಹುದು. ಹೆಂಗಸಿನ ಅಂಡಾಶಯದಲ್ಲಿ ಕಳೆದುಹೋದ ವರ್ಷಗಳು ಹಿಂದಿರುಗುವುದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಧಾರಾಳವಾಗಿ ಕೇಳಿ. ಸರಿಯಾಗಿ ಕಲಿತ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ.

ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್. ಮಾಡಿದವರು ಸ್ತ್ರೀರೋಗ ತಜ್ಞರು. ಆ ಮೂರು ವರ್ಷಗಳ ಬಹುಪಾಲು ಹೆರಿಗೆ ವಾರ್ಡಿನಲ್ಲಿ, ಆಪರೇಷನ್ ಕೊಠಡಿಯಲ್ಲಿ ಕಳೆಯುತ್ತದೆ. ಬಂಜೆತನ ಅಲ್ಲಿನ ಪಾಠಗಳಲ್ಲಿ ಒಂದು ಮಾತ್ರ. ಸಾವಿರ ಹೆರಿಗೆ ಮಾಡಿಸಿದ ಕೈಗೆ ಅಂಡಾಶಯದಿಂದ ಅಂಡಾಣು ಹೊರತೆಗೆಯುವ ಅಭ್ಯಾಸ ತಾನಾಗಿ ಬಂದುಬಿಡುವುದಿಲ್ಲ. ಅದಕ್ಕೆ ಮುಂದಿನ ಓದು ಬೇಕು. ಸಂತಾನೋತ್ಪತ್ತಿ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂ.ಸಿ.ಎಚ್. ಇದೆ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಫೆಲೋಶಿಪ್ ಇದೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಈ ವಿಷಯದಲ್ಲಿ ಫೆಲೋಶಿಪ್ ನೀಡುತ್ತದೆ. ಇಂಥ ಕಡೆ ಕಲಿಯುವವರು ನುರಿತವರ ಪಕ್ಕದಲ್ಲಿ ನಿಂತು, ದಿನವೂ ರೋಗಿಗಳನ್ನು ನೋಡುತ್ತ, ತಪ್ಪಿದ ಕಡೆ ತಿದ್ದಿಸಿಕೊಳ್ಳುತ್ತ ಬೆಳೆಯುತ್ತಾರೆ.

ಇವುಗಳ ಜೊತೆಗೆ ಕೆಲವು ದಿನಗಳಿಂದ ಕೆಲವು ತಿಂಗಳವರೆಗಿನ ಖಾಸಗಿ ಕೋರ್ಸುಗಳೂ ನಡೆಯುತ್ತವೆ. ಇವೆಲ್ಲ ದಂಡವೆಂದು ಹೇಳುತ್ತಿಲ್ಲ. ಈಗಾಗಲೇ ಕೆಲಸ ಬಲ್ಲ ವೈದ್ಯರು ಹೊಸ ವಿಧಾನವೊಂದನ್ನು ತಿಳಿದುಕೊಳ್ಳಲು ಸಣ್ಣ ಶಿಬಿರ ಸಾಕು. ಆದರೆ ಸಭಾಂಗಣದಲ್ಲಿ ಕುಳಿತು ಪರದೆಯ ಮೇಲೆ ಚಿತ್ರ ನೋಡಿ ಬಂದವರು ಮರುದಿನವೇ ಬೋರ್ಡಿನ ಮೇಲೆ ಬಂಜೆತನ ತಜ್ಞರೆಂದು ಬರೆಸಿಕೊಂಡರೆ ಅದು ಕಲಿಕೆಯಲ್ಲ, ಜಾಹೀರಾತು. ಈಜುವುದು ಹೇಗೆಂದು ಪುಸ್ತಕ ಓದಿ ಬಾವಿಗೆ ಹಾರಿದಂತೆ. ವ್ಯತ್ಯಾಸವೆಂದರೆ ಇಲ್ಲಿ ಮುಳುಗುವವರು ನೀವು!

ಬಹಳ ವರ್ಷ ಈ ಕ್ಷೇತ್ರಕ್ಕೆ ಕಾನೂನಿನ ಕಡಿವಾಣವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಮಾರ್ಗಸೂಚಿ ಹೊರಡಿಸಿತಾದರೂ ಪಾಲಿಸದಿದ್ದವರಿಗೆ ಶಿಕ್ಷೆ ಇರಲಿಲ್ಲ. ಕೊನೆಗೆ 2021ರಲ್ಲಿ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಬಂತು. 2022ರಲ್ಲಿ ನಿಯಮಗಳು ಬಂದವು. ಈಗ ಕ್ಲಿನಿಕ್ಕುಗಳಲ್ಲಿ ಎರಡು ದರ್ಜೆ. ಮೊದಲ ದರ್ಜೆಯವರು ಪರೀಕ್ಷೆಗಳನ್ನೂ, ವೀರ್ಯವನ್ನು ಶುದ್ಧಗೊಳಿಸಿ ಗರ್ಭಕೋಶಕ್ಕೆ ಸೇರಿಸುವ ಐ.ಯು.ಐ. ಚಿಕಿತ್ಸೆಯನ್ನೂ ಮಾಡಬಹುದು. ಅಂಡಾಣು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಲು ಎರಡನೇ ದರ್ಜೆಯ ನೋಂದಣಿ ಬೇಕು. ಅಲ್ಲಿನ ಸ್ತ್ರೀರೋಗ ತಜ್ಞರು ಅಂಡಾಣು ತೆಗೆಯುವ ಕೆಲಸವನ್ನು ನುರಿತವರ ಕೈಕೆಳಗೆ 50 ಬಾರಿಯಾದರೂ ಮಾಡಿರಬೇಕೆಂದು ನಿಯಮ ಹೇಳುತ್ತದೆ. ನೋಂದಣಿ ಐದು ವರ್ಷಕ್ಕೆ ಸೀಮಿತ. ಆ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಮಗುವಿನ ಚಿತ್ರದ ಪಕ್ಕ ಅದನ್ನೂ ಹುಡುಕಿ, ದರ್ಜೆಯನ್ನೂ ದಿನಾಂಕವನ್ನೂ ಓದಿ.

ಇಷ್ಟೆಲ್ಲ ನೋಡಿದ ಮೇಲೂ ಹೆಚ್ಚಿನವರು ಮರೆಯುವ ಒಬ್ಬ ವ್ಯಕ್ತಿ ಇದ್ದಾರೆ. ನಿಮಗೆ ಅವರು ಕಾಣಿಸುವುದೇ ಅಪರೂಪ. ಅವರೇ ಭ್ರೂಣತಜ್ಞರು, ಎಂದರೆ ಎಂಬ್ರಿಯಾಲಜಿಸ್ಟ್. ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ವೈದ್ಯರು ಹೊರತೆಗೆದ ಕ್ಷಣದಿಂದ ಮತ್ತೆ ಗರ್ಭಕೋಶ ಸೇರುವವರೆಗೆ ಕಾಪಾಡುವುದು ಭ್ರೂಣತಜ್ಞರ ಕೆಲಸ. ಅದನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡಬೇಕು. ಇಕ್ಸಿ ವಿಧಾನವಾದರೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ಒಳಗೆ ಸೇರಿಸಬೇಕು. ಉಳಿದ ಭ್ರೂಣಗಳನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಯಾರ ಅಂಡಾಣು, ಯಾರ ವೀರ್ಯಾಣು ಎಂಬ ಚೀಟಿ ಎಲ್ಲಿಯೂ ಅದಲುಬದಲಾಗಕೂಡದು. ವೈದ್ಯರು ಎಷ್ಟೇ ಜಾಣರಿರಲಿ, ಪ್ರಯೋಗಾಲಯದ ಕೈ ಕಚ್ಚಾ ಆಗಿದ್ದರೆ ನಿಮ್ಮ ದುಡ್ಡು ಅಲ್ಲಿಯೇ ಕರಗುತ್ತದೆ. ಈ ಓದಿಗೆ ದೂರ ಹೋಗಬೇಕಿಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಭ್ರೂಣವಿಜ್ಞಾನದ ಎಂ.ಎಸ್ಸಿ. ಇದೆ. ಪದವಿ ಸಿಕ್ಕ ಮೇಲೂ ಪ್ರಯೋಗಾಲಯದಲ್ಲಿ ವರ್ಷಗಳ ಅನುಭವ ಪಡೆದವರನ್ನೇ ನಿಯಮ ಭ್ರೂಣತಜ್ಞರೆಂದು ಒಪ್ಪುತ್ತದೆ. ಕೆಲವು ಸಣ್ಣ ಕೇಂದ್ರಗಳಿಗೆ ಇವರು ಬೇರೆ ಊರಿನಿಂದ ಗೊತ್ತಾದ ದಿನ ಮಾತ್ರ ಬಂದು ಹೋಗುವುದುಂಟು. ನಿಮ್ಮ ಭ್ರೂಣ ಬೆಳೆಯುವ ಐದು ದಿನ ಪ್ರಯೋಗಾಲಯದಲ್ಲಿ ಯಾರಿರುತ್ತಾರೆಂದು ತಪ್ಪದೆ ವಿಚಾರಿಸಿ.

ಇದು ಒಬ್ಬರ ವಿದ್ಯೆಯಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಾಗ ಅದರ ಹಿಂದೆ ವೈದ್ಯ ಸ್ಟೆಪ್ಟೋ ಮತ್ತು ವಿಜ್ಞಾನಿ ಎಡ್ವರ್ಡ್ಸ್ ಜೊತೆಗೆ ನರ್ಸ್ ತರಬೇತಿ ಪಡೆದಿದ್ದ ಜೀನ್ ಪರ್ಡಿ ಇದ್ದರು. ಪ್ರಯೋಗಾಲಯ ನೋಡಿಕೊಂಡವರು ಆಕೆ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರು ಇಬ್ಬರು ಸಹೋದ್ಯೋಗಿಗಳೊಡನೆ ಭಾರತದ ಮೊದಲ ಪ್ರನಾಳ ಶಿಶುವನ್ನು ತಂದರು. ಆಗಿನವರು ನಂಬಲಿಲ್ಲ, ನೊಂದ ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರ ಆಗಸ್ಟ್‌ನಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರು ಮಾಡಿಸಿದ ಹೆರಿಗೆಯ ಹಿಂದೆ ಪ್ರಯೋಗಾಲಯದ ವಿಜ್ಞಾನಿ ಟಿ.ಸಿ. ಆನಂದಕುಮಾರ್ ಇದ್ದರು. ಮುಖೋಪಾಧ್ಯಾಯರ ಕಾಗದಪತ್ರಗಳನ್ನು ಓದಿ, ಮೊದಲ ಗೌರವ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಹೇಳಿದವರೂ ಇದೇ ಆನಂದಕುಮಾರ್. ವಿಜ್ಞಾನಿಗಳಲ್ಲಿ ಇಂಥ ದೊಡ್ಡತನ ವಿರಳ.

ಇನ್ನು, ಕಲಿತ ವೈದ್ಯರನ್ನು ಗುರುತಿಸುವುದು ಹೇಗೆ? ಮೊದಲ ಭೇಟಿಯೇ ಹೇಳುತ್ತದೆ. ಅವರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ. ಹೆಂಡತಿಗೆ 35 ದಾಟಿಲ್ಲವಾದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಸಹಜವಾಗಿ ಪ್ರಯತ್ನಿಸಿದ್ದೀರಾ ಎಂದು ಕೇಳುತ್ತಾರೆ. ವೀರ್ಯ ಪರೀಕ್ಷೆಯನ್ನು ಆರಂಭದಲ್ಲೇ ಮಾಡಿಸುತ್ತಾರೆ. ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧಕ್ಕೆ ಸಮೀಪ ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ಸೊಸೆಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಅತ್ತೆಯರು ಇಂದಿಗೂ ಇದ್ದಾರೆ. ಥೈರಾಯ್ಡ್, ಋತುಚಕ್ರ, ಟ್ಯೂಬ್ ಎಂದು ಕರೆಯುವ ಗರ್ಭನಾಳ ತೆರೆದಿದೆಯೇ ಎಂಬುದರ ಪರೀಕ್ಷೆ, ಇವೆಲ್ಲ ಆದ ಮೇಲೆ ಚಿಕಿತ್ಸೆಯ ಮಾತು. ಅನೇಕರಿಗೆ ಮಾತ್ರೆ ಅಥವಾ ಸಣ್ಣ ಚಿಕಿತ್ಸೆಯಲ್ಲೇ ಕೆಲಸ ಮುಗಿಯುತ್ತದೆ. ಗಂಡನ ಪರೀಕ್ಷೆಯೇ ಆಗದೆ ಮೊದಲ ದಿನವೇ ಐ.ವಿ.ಎಫ್. ಪ್ಯಾಕೇಜಿನ ದರ ಹೇಳುವ ಕಡೆಯಿಂದ ಎದ್ದು ಬರುವುದೇ ಮೇಲು.

ಅರೆಕಲಿಕೆಯಿಂದ ದುಡ್ಡಷ್ಟೇ ಹೋಗುವುದಿಲ್ಲ. ಅಂಡಾಣು ಬೆಳೆಸುವ ಇಂಜೆಕ್ಷನ್ನುಗಳ ಪ್ರಮಾಣ ಹೆಚ್ಚಾದರೆ ಅಂಡಾಶಯ ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಪಿ.ಸಿ.ಓ.ಡಿ. ಇರುವವರಿಗೆ ಈ ಅಪಾಯ ಹೆಚ್ಚು. ನುರಿತವರು ಸ್ಕ್ಯಾನ್ ಮಾಡುತ್ತ ಪ್ರಮಾಣವನ್ನು ತಗ್ಗಿಸುತ್ತಾರೆ, ಬೇಕಾದರೆ ಆ ತಿಂಗಳು ಭ್ರೂಣವನ್ನು ಒಳಗಿಡದೆ ಶೈತ್ಯದಲ್ಲಿಟ್ಟು ಕಾಯುತ್ತಾರೆ. ಯಶಸ್ಸು ಹೆಚ್ಚಲೆಂದು ಮೂರು ನಾಲ್ಕು ಭ್ರೂಣ ಇಡುವುದಾಗಿ ಹೇಳಿದರೂ ಹಿಗ್ಗಬೇಡಿ. ಅವಳಿ ತ್ರಿವಳಿ ಬಸಿರು ತಾಯಿಗೂ ಮಕ್ಕಳಿಗೂ ಕಷ್ಟ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಜಾಸ್ತಿ.

ಚಿಕಿತ್ಸೆ ಫಲಿಸಲಿ, ಬಿಡಲಿ, ಕಾಗದಪತ್ರಗಳನ್ನು ಕೇಳಿ ಪಡೆಯಿರಿ. ಯಾವ ಇಂಜೆಕ್ಷನ್ ಎಷ್ಟು ದಿನ ಕೊಟ್ಟರು, ಎಷ್ಟು ಅಂಡಾಣು ಸಿಕ್ಕವು, ಎಷ್ಟು ಫಲಿತವಾದವು, ಎಷ್ಟನ್ನು ಗರ್ಭಕೋಶಕ್ಕೆ ಸೇರಿಸಿದರು, ಎಷ್ಟು ಶೈತ್ಯದಲ್ಲಿವೆ ಎಂಬುದೆಲ್ಲ ಅದರಲ್ಲಿರಬೇಕು. ನಾಳೆ ನೀವು ಇನ್ನೊಬ್ಬ ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳುವುದು ಆ ಹಾಳೆಯನ್ನೇ.