ಬಣ್ಣ ಯಾರ ಮಾತು ಕೇಳುತ್ತದೆ?

ಸ್ವಂತ ಜಾಲತಾಣ ಕಟ್ಟಿಕೊಂಡವರು ಒಂದಲ್ಲ ಒಂದು ದಿನ ಅದರ ಅಂದ ತಿದ್ದಲು ಕೂರುತ್ತಾರೆ. ತಲೆಬರಹ ಕೆಂಪಾಗಲಿ ಎಂದು ಸ್ಟೈಲ್‌ಶೀಟಿನಲ್ಲಿ ಒಂದು ಸಾಲು ಬರೆದು, ಉಳಿಸಿ, ಪುಟವನ್ನು ರಿಫ್ರೆಶ್ ಮಾಡಿದರೆ ತಲೆಬರಹ ಮೊದಲಿನಂತೆಯೇ ಕಪ್ಪಗಿರುತ್ತದೆ. ಕಾಗುಣಿತ ಸರಿಯಿದೆ, ಕಡತವೂ ಇರಬೇಕಾದ ಜಾಗದಲ್ಲೇ ಇದೆ. ಬ್ರೌಸರ್ ಆ ಸಾಲನ್ನು ಓದಿಯೂ ಇದೆ. ಓದಿ, ತೂಗಿ ನೋಡಿ, ಬದಿಗಿಟ್ಟಿದೆ.

ಈ ತೂಗುವ ಕೆಲಸ ಬ್ರೌಸರಿನ ತಲೆಗೆ ಬಂದದ್ದು ಒಂದು ಹಳೆಯ ಜಗಳದಿಂದ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ರೂಪಿಸಿದಾಗ ಎಚ್‌ಟಿಎಂಎಲ್ ಹೇಳುತ್ತಿದ್ದುದು ಇದು ತಲೆಬರಹ, ಇದು ಪ್ಯಾರಾ, ಇದು ಕೊಂಡಿ ಎಂಬಷ್ಟನ್ನೇ. ಅವು ಹೇಗೆ ಕಾಣಬೇಕೆಂಬುದು ಓದುವವರ ಬ್ರೌಸರಿಗೆ ಬಿಟ್ಟ ವಿಷಯ. ಭೌತವಿಜ್ಞಾನಿಗಳ ವರದಿಗಳಿಗೆ ಅಷ್ಟು ಸಾಕಿತ್ತು. ಬೇರೆಯವರೂ ಪುಟ ಬರೆಯತೊಡಗಿದ ಮೇಲೆ ಬರೆದವರಿಗೆ ತಮ್ಮದೇ ಬಣ್ಣ, ತಮ್ಮದೇ ಅಕ್ಷರಶೈಲಿ ಬೇಕಾಯಿತು. ಹಾಗಾದರೆ ಪುಟದ ಅಂದದ ಮೇಲೆ ಹಕ್ಕು ಯಾರದು, ಬರೆದವರದೋ ಓದುವವರದೋ?

ಆಗ ಸರ್ನ್‌ನಲ್ಲಿದ್ದ ನಾರ್ವೆಯ ಹೋಕೊನ್ ವಿಯುಮ್ ಲೀ 1994ರ ಅಕ್ಟೋಬರ್ 10ರಂದು ಮುಂದಿಟ್ಟ ಪ್ರಸ್ತಾವದಲ್ಲಿ ಇದಕ್ಕೊಂದು ಸೊಗಸಾದ ಉತ್ತರವಿತ್ತು: ಇಬ್ಬರದೂ, ಶೇಕಡಾವಾರು ಲೆಕ್ಕದಲ್ಲಿ. ತಲೆಬರಹದ ಗಾತ್ರ ಇಷ್ಟಿರಲಿ, ಈ ವಿಷಯದಲ್ಲಿ ನನ್ನ ಮಾತಿಗೆ 40 ಪಾಲು ಬೆಲೆ ಕೊಡಿ ಎಂದು ಒಬ್ಬರು ಕೇಳಬಹುದಿತ್ತು. ಮಿಕ್ಕ 60 ಪಾಲು ಇನ್ನೊಬ್ಬರಿಗೆ. ಗಾತ್ರದ ಮಟ್ಟಿಗೆ ಇದು ಒಪ್ಪುವ ಮಾತೇ. ಅಕ್ಷರಶೈಲಿಯನ್ನು ಮಾತ್ರ ಶೇಕಡಾ ಲೆಕ್ಕದಲ್ಲಿ ಬೆರೆಸುವುದಾದರೂ ಹೇಗೆ? ಡಚ್ ತಂತ್ರಜ್ಞ ಬರ್ಟ್ ಬೋಸ್ ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಸ್ಟೈಲ್‌ಶೀಟಿನ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಅಧಿಕೃತ ಆವೃತ್ತಿ ಹೊರಬಂದಾಗ ಶೇಕಡಾ ಲೆಕ್ಕ ಹೋಗಿ, ಸೋಲು ಗೆಲುವಿನ ನಿಯಮ ಬಂದಿತ್ತು. ಒಂದು ಗುಣಕ್ಕೆ ಎಷ್ಟೇ ಸಾಲುಗಳು ಪೈಪೋಟಿಗಿಳಿದರೂ ಗೆಲ್ಲುವುದು ಒಂದೇ.

ಮೊದಲ ಸುತ್ತಿನಲ್ಲಿ ಬ್ರೌಸರ್ ನೋಡುವುದು ಸಾಲು ಯಾರದು ಎಂದು. ಬ್ರೌಸರಿನ ಸ್ವಂತ ನಿಯಮಗಳು ಎಲ್ಲಕ್ಕಿಂತ ಕೆಳಗೆ, ಓದುಗರು ಇಟ್ಟುಕೊಂಡವು ಅದರ ಮೇಲೆ, ಪುಟ ಮಾಡಿದವರವು ಅದಕ್ಕೂ ಮೇಲೆ. ಆದರೆ ಸಾಲಿನ ಕೊನೆಗೆ ‘!ಇಂಪಾರ್ಟೆಂಟ್’ ಎಂದು ಸೇರಿಸಿದರೆ ಈ ಶ್ರೇಣಿ ತಿರುವುಮುರುವಾಗುತ್ತದೆ. 1996ರ ನಿಯಮದಲ್ಲಿ ಅಲ್ಲೂ ಪುಟ ಮಾಡಿದವರದೇ ಕೊನೆಯ ಮಾತಾಗಿತ್ತು. 1998ರ ಎರಡನೇ ಆವೃತ್ತಿ ಅದನ್ನು ಓದುಗರಿಗೆ ಒಪ್ಪಿಸಿತು. ಕಣ್ಣು ಮಂಜಾದವರು ಎಲ್ಲ ಪುಟದಲ್ಲೂ ದೊಡ್ಡಕ್ಷರವೇ ಬೇಕೆಂದರೆ ಯಾವ ವಿನ್ಯಾಸಕಾರನೂ ಅಡ್ಡ ಬರಬಾರದು ಎಂಬ ಕಾಳಜಿ ಅದರ ಹಿಂದಿತ್ತು. ಇಡೀ ಸಿಎಸ್‌ಎಸ್‌ನಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಇದೇ. ದುರದೃಷ್ಟಕ್ಕೆ, ಓದುಗರು ತಮ್ಮದೇ ಸ್ಟೈಲ್‌ಶೀಟ್ ಇಟ್ಟುಕೊಳ್ಳುವ ಸೌಲಭ್ಯವನ್ನು ಕ್ರೋಮ್ ಕೈಬಿಟ್ಟಿದೆ. ಫೈರ್‌ಫಾಕ್ಸ್‌ನಲ್ಲಿ ಅದನ್ನು ಹುಡುಕಿ ಚಾಲೂ ಮಾಡಬೇಕು.

ನಮ್ಮ ಕೆಂಪು ಸೋತದ್ದು ಎರಡನೇ ಸುತ್ತಿನಲ್ಲಿ. ನಾವು ಬರೆದದ್ದು ‘ಎಚ್2 ಕೆಂಪು’ ಎಂದು; ಎಚ್2 ಎಂಬುದು ತಲೆಬರಹದ ಟ್ಯಾಗ್. ತಾಣದ ಸಿದ್ಧ ವಿನ್ಯಾಸ, ಅಂದರೆ ಥೀಮ್, ಮಾಡಿದವರು ಮೊದಲೇ ‘ಪೋಸ್ಟ್ ಎಂಬ ಕ್ಲಾಸಿನೊಳಗಿನ ಎಚ್2 ಕಪ್ಪು’ ಎಂದು ಬರೆದಿಟ್ಟಿದ್ದಾರೆ. ಬ್ರೌಸರ್ ಮೂರು ಮನೆಗಳಲ್ಲಿ ಅಂಕ ಹಾಕುತ್ತದೆ: ಐಡಿ ಎಷ್ಟು, ಕ್ಲಾಸ್ ಎಷ್ಟು, ಬರೀ ಟ್ಯಾಗ್ ಹೆಸರೆಷ್ಟು. ನಮ್ಮದು 0-0-1, ಅವರದು 0-1-1. ಎಡಗಡೆಯ ಮನೆಯಲ್ಲಿ ಹೆಚ್ಚಿದ್ದವರು ಗೆದ್ದಂತೆ. ಹತ್ತು ಟ್ಯಾಗ್ ಕೂಡಿದರೂ ಒಂದು ಕ್ಲಾಸಿಗೆ ಸಮವಲ್ಲ, ದಶಕದ ಲೆಕ್ಕ ಇಲ್ಲಿಲ್ಲ. (ಹಿಂದೆ ಕೆಲವು ಬ್ರೌಸರುಗಳು ಪ್ರತಿ ಮನೆಗೆ ಎಂಟೇ ಬಿಟ್ ಜಾಗ ಕೊಟ್ಟಿದ್ದವು. 256 ಕ್ಲಾಸ್ ಪೋಣಿಸಿದರೆ ಲೆಕ್ಕ ಉಕ್ಕಿ ಪಕ್ಕದ ಮನೆಗೆ ಹರಿದು ಐಡಿಯನ್ನೇ ಸೋಲಿಸುತ್ತಿತ್ತು. ಅದನ್ನೂ ಪರೀಕ್ಷಿಸಿ ನೋಡಿದ ಪುಣ್ಯಾತ್ಮರಿದ್ದಾರೆ.) ಅಂಕ ಸಮವಾದಾಗ ಮಾತ್ರ ಕೊನೆಗೆ ಬರೆದ ಸಾಲಿಗೆ ಗೆಲುವು. ಕಂಪ್ಯೂಟರಿನಲ್ಲಿ ಎಫ್12 ಒತ್ತಿ ತಲೆಬರಹವನ್ನು ಆರಿಸಿದರೆ ಸೋತ ಸಾಲುಗಳ ಮೇಲೆ ಅಡ್ಡಗೆರೆ ಎಳೆದಿರುವುದು ಕಾಣುತ್ತದೆ. ಗೆದ್ದದ್ದು ಯಾವುದೆಂಬುದೂ ಅಲ್ಲೇ ತಿಳಿಯುತ್ತದೆ. ಸಿಟ್ಟಿಗೆ ‘!ಇಂಪಾರ್ಟೆಂಟ್’ ಅಂಟಿಸುವ ಬದಲು ಆ ಪಟ್ಟಿ ಓದುವುದು ಲೇಸು. ಒಮ್ಮೆ ಅಂಟಿಸಿದರೆ ನಾಳೆ ನಮ್ಮದೇ ಸಾಲನ್ನು ಸೋಲಿಸಲು ಇನ್ನೊಂದು ಅಂಟಿಸಬೇಕಾಗುತ್ತದೆ.

ಯಾವ ಸಾಲೂ ಒಂದು ಅಂಶದ ಬಗ್ಗೆ ಏನೂ ಹೇಳದಿದ್ದರೆ? ಆಗ ಬರುವುದು ಪಿತ್ರಾರ್ಜಿತ. ಹೊರಗಿನ ಅಂಶ ಅಪ್ಪ, ಅದರೊಳಗಿನವು ಮಕ್ಕಳು. ಅಪ್ಪನ ಬಣ್ಣ, ಅಕ್ಷರಶೈಲಿ, ಸಾಲಿನ ಎತ್ತರ ಮಕ್ಕಳಿಗೆ ತಾನಾಗಿ ಸಿಗುತ್ತವೆ; ಅಪ್ಪ ಹಾಕಿಸಿದ ಬೇಲಿ, ಬಿಟ್ಟ ಅಂಗಳ ಸಿಗುವುದಿಲ್ಲ. ಸಿಗುವಂತಿದ್ದರೆ ಪುಟಕ್ಕೊಂದು ಅಂಚು ಎಳೆದ ಕೂಡಲೇ ಒಳಗಿನ ಪ್ರತಿ ಪ್ಯಾರಾಕ್ಕೂ ಚೌಕಟ್ಟು ಬೀಳುತ್ತಿತ್ತು. ಹೀಗೆ ಬಂದದ್ದು ಬಲು ದುರ್ಬಲ ಎಂಬುದನ್ನೂ ಗಮನಿಸಬೇಕು. ಇಡೀ ಪುಟದ ಬಣ್ಣವನ್ನು ಹಸಿರು ಮಾಡಿದರೂ ಕೊಂಡಿಗಳು ನೀಲಿಯಾಗಿಯೇ ಉಳಿಯುತ್ತವೆ. ಬ್ರೌಸರಿನ ಸ್ವಂತ ನಿಯಮ ಎಲ್ಲಕ್ಕಿಂತ ಕೆಳಗಿನದಾದರೂ ಕೊಂಡಿಯನ್ನು ನೇರವಾಗಿ ಹೆಸರಿಸಿದೆಯಲ್ಲ, ಅದರ ಮುಂದೆ ಮೇಲಿನಿಂದ ಇಳಿದು ಬಂದ ಬಣ್ಣ ನಿಲ್ಲದು.

ಕನ್ನಡದಲ್ಲಿ ಬರೆಯುವವರನ್ನು ಹೆಚ್ಚು ಕಾಡುವುದೂ ಈ ಪಿತ್ರಾರ್ಜಿತವೇ. ಥೀಮುಗಳು ಬಹುಪಾಲು ಇಂಗ್ಲಿಷ್ ಅಕ್ಷರಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದವು. ಇಟಾಲಿಕ್ ಎಂದು ಹೇಳಿದರೆ, ಕನ್ನಡ ಫಾಂಟುಗಳಲ್ಲಿ ಬಹುತೇಕ ಅಂಥ ರೂಪವೇ ಇಲ್ಲದ್ದರಿಂದ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಓರೆ ಮಾಡಿ ತೋರಿಸುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಸಾಲಿನ ಎತ್ತರದ ತೊಂದರೆ ಇನ್ನೂ ದೊಡ್ಡದು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸು ಮೇಲೇರುತ್ತದೆ. ಥೀಮಿನಲ್ಲಿ ಎತ್ತರ 1.2 ಎಂದಿದ್ದರೆ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕೀರ್ತಿ’ಯ ನೆತ್ತಿಗೆ ತಾಗುವ ಸಂಭವವಿದೆ.

ಆದ್ದರಿಂದ ಇಡೀ ಪುಟಕ್ಕೆ 1.6 ಇರಲಿ ಎಂದುಕೊಂಡು ನಾವು ‘1.6 ಎಂ’ ಎಂದು ಬರೆಯುತ್ತೇವೆ. ಪ್ಯಾರಾಗಳು ಹಾಯಾಗಿ ಉಸಿರಾಡುತ್ತವೆ, ಎರಡು ಸಾಲಿನ ದೊಡ್ಡ ತಲೆಬರಹ ಮಾತ್ರ ಮೊದಲಿಗಿಂತ ಹೆಚ್ಚು ಇಕ್ಕಟ್ಟಾಗುತ್ತದೆ. ಕಾರಣ ಲೆಕ್ಕದಲ್ಲಿದೆ. ‘ಎಂ’ ಎಂದರೆ ಅಕ್ಷರದ ಗಾತ್ರದಷ್ಟು ಅಳತೆ; ಅದಿದ್ದರೆ ಬ್ರೌಸರ್ ಪುಟದ ಮಟ್ಟದಲ್ಲೇ ಗುಣಿಸಿ ಮುಗಿಸುತ್ತದೆ: 16 ಪಿಕ್ಸೆಲ್ ಅಕ್ಷರಕ್ಕೆ 25.6 ಪಿಕ್ಸೆಲ್. ಮಕ್ಕಳಿಗೆ ಇಳಿಯುವುದು ಈ ಉತ್ತರವೇ, ಸೂತ್ರವಲ್ಲ. ತಲೆಬರಹದ ಅಕ್ಷರ 32 ಪಿಕ್ಸೆಲ್. ಅದಕ್ಕೆ ಸಿಕ್ಕ ಜಾಗ 25.6. ಅಳತೆಯ ಹೆಸರನ್ನು ಅಳಿಸಿ ಬರೀ 1.6 ಎಂದು ಬಿಟ್ಟರೆ ಇಳಿಯುವುದು ಆ ಸಂಖ್ಯೆ. ಗುಣಾಕಾರ ಆಯಾ ಅಂಶದ ಮನೆಯಲ್ಲೇ ನಡೆದು ತಲೆಬರಹಕ್ಕೆ 51.2 ಪಿಕ್ಸೆಲ್ ದಕ್ಕುತ್ತದೆ, ಒತ್ತುಗಳಿಗೆ ಬೇಕಾದಷ್ಟು ಜಾಗ.