ಮೂರನೇ ಡೋಸಿನ ದಾರಿ

ಯಡಿಯೂರಿನ ಹೆದ್ದಾರಿಯಲ್ಲಿ ಸಿದ್ಧಲಿಂಗೇಶ್ವರನ ಭಕ್ತರು ಬಸ್ಸಿಳಿಯುವ ಹೊತ್ತಿಗೇ ಆಸ್ಪತ್ರೆ ಡ್ಯೂಟಿಯವರು ಹತ್ತುತ್ತಾರೆ. ಈ ಕಡೆ ಕುಣಿಗಲ್, ಆ ಕಡೆ ಬೆಳ್ಳೂರು ಕ್ರಾಸ್ ದಾಟಿದರೆ ಬಿ.ಜಿ. ನಗರದ ಮೆಡಿಕಲ್ ಕಾಲೇಜು. ನರ್ಸಮ್ಮಂದಿರು, ಆಯಾಗಳು, ಕಸ ತೆಗೆಯುವವರು. ಇವರ ಮೈಗೆ ರಕ್ಷಣೆ ಸಿಕ್ಕಿದ್ದು ಹೇಗೆ?

ಬಳಸಿದ ಸೂಜಿ ಕೈಗೆ ಚುಚ್ಚಿದರೆ ಎಲ್ಲರಿಗೂ ಮೊದಲು ಎಚ್‌ಐವಿ ಭಯ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸುಮಾರು 300ರಲ್ಲಿ ಒಬ್ಬರಿಗೆ. ಹೆಪಟೈಟಿಸ್-ಬಿ ಹಾಗಲ್ಲ, ಲಸಿಕೆ ಹಾಕಿಸಿಕೊಳ್ಳದವರಲ್ಲಿ 100ಕ್ಕೆ 6ರಿಂದ 30 ಮಂದಿಗೆ ಅಂಟಬಹುದು. ಒಣಗಿದ ರಕ್ತದಲ್ಲೂ ವೈರಾಣು ವಾರದಷ್ಟು ಕಾಲ ಬದುಕಿರುತ್ತದೆ. ನೆಲ ಒರೆಸುವವರಿಗೆ ಈ ಮಾತನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಅಮೆರಿಕದ ಬರೂಕ್ ಬ್ಲೂಂಬರ್ಗ್ 1960ರ ದಶಕದಲ್ಲಿ ಈ ವೈರಾಣುವಿನ ಸುಳಿವು ಹಿಡಿದರು, 1976ರಲ್ಲಿ ನೊಬೆಲ್ ಪಡೆದರು. 1981ರ ಮೊದಲ ಲಸಿಕೆ ತಯಾರಾಗಿದ್ದು ಸೋಂಕಿತರ ರಕ್ತದ ಪ್ಲಾಸ್ಮಾದಿಂದ. 1986ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ ಲಸಿಕೆ ಬಂತು. ವಿದೇಶಿ ಲಸಿಕೆಯ ಬೆಲೆ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ದೇಶದ ಎಲ್ಲ ಕೂಸುಗಳಿಗೂ ಈ ಲಸಿಕೆ ಸಿಗತೊಡಗಿದ್ದು 2011ರ ನಂತರ. ಇಂದು ವಾರ್ಡಿನಲ್ಲಿ ದುಡಿಯುವ ಬಹುಪಾಲು ಮಂದಿ ಹುಟ್ಟಿದ್ದು ಅದಕ್ಕೆ ಎಷ್ಟೋ ಮುಂಚೆ.

ನನ್ನ ಲೆಕ್ಕದಲ್ಲಿ ದೊಡ್ಡ ತಿರುವು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಡಾಕ್ಟರು, ನರ್ಸುಗಳ ಜೊತೆಗೆ ಆಸ್ಪತ್ರೆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ ಎಂದು ಅದು ಬರೆಯಿತು. ಸೂಜಿಗೆಂದೇ ಗಟ್ಟಿ ಬಿಳಿ ಡಬ್ಬ ಗೊತ್ತುಮಾಡಿತು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಶುರುವಾದಾಗ ದೆಹಲಿಯ ಏಮ್ಸ್‌ನಲ್ಲಿ ಮೊದಲು ತೋಳು ಒಡ್ಡಿದವರು ಒಬ್ಬ ಸ್ವಚ್ಛತಾ ಕಾರ್ಮಿಕ. ಆ ಸರದಿ ಸರಿಯಾಗಿತ್ತು.

ಹೆಪಟೈಟಿಸ್-ಬಿ ಲಸಿಕೆಗೆ ಮಾತ್ರ ತಾಳ್ಮೆ ಬೇಕು. ಮೊದಲ ದಿನ ಒಂದು, ತಿಂಗಳಾದ ಮೇಲೆ ಒಂದು, ಆರನೇ ತಿಂಗಳಿಗೆ ಇನ್ನೊಂದು. ಅದಾದ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷಿಸಿ, ಪ್ರತಿಕಾಯ 10 ಯೂನಿಟ್ ದಾಟಿದ್ದರೆ ನಿಶ್ಚಿಂತೆ. ಗುತ್ತಿಗೆ ಕೆಲಸದವರು ಆರು ತಿಂಗಳಲ್ಲಿ ಏಜೆನ್ಸಿ ಬದಲಾಗಿ ಇನ್ನೊಂದು ಆಸ್ಪತ್ರೆಗೆ ಹೋಗಿರುತ್ತಾರೆ. ಅಲ್ಲಿ ಅವರ ಕೈಯಲ್ಲಿ ಲಸಿಕೆ ಕಾರ್ಡ್ ಇದ್ದರೆ ಬಾಕಿ ಡೋಸು ಅಲ್ಲಿಂದಲೇ ಮುಂದುವರಿಸಬಹುದು; ಮೊದಲಿನಿಂದ ಶುರು ಮಾಡಬೇಕಿಲ್ಲ.